ಮಾದರಿಯಲ್ಲಿ ಉಳಿದ ಮನೆ

ಭಾನುವಾರ ನಗರ ಸಂಗ್ರಹಾಲಯದಲ್ಲಿ ಊರಿನವರಿಗೆ ಟಿಕೆಟ್ ಇಲ್ಲ. ಆ ದಿನ ಬರುವವರು ಗಾಜಿನ ಪೆಟ್ಟಿಗೆಯ ನಾಣ್ಯಗಳನ್ನಾಗಲಿ, ತುಕ್ಕು ಹಿಡಿದ ಲಂಗರುಗಳನ್ನಾಗಲಿ ಕಣ್ಣೆತ್ತಿಯೂ ನೋಡುವುದಿಲ್ಲ. ನೇರ ದೊಡ್ಡ ಹಾಲಿಗೆ ನುಗ್ಗಿ, ಮೆಟ್ಟಿಲು ಹತ್ತಿ, ಸುತ್ತಲಿನ ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ಬಗ್ಗುತ್ತಾರೆ. ಕೆಳಗೆ ಅವರ ಊರೇ ಮಲಗಿರುತ್ತದೆ. ಇನ್ನೂರು ಅಡಿಗೆ ಒಂದಡಿಯಂತೆ ಮರ, ರಟ್ಟು, ತಗಡುಗಳಲ್ಲಿ ಕಟ್ಟಿದ ಊರು. ನಡುವೆ ಕುದುರೆ ಲಾಳದ ಹಾಗೆ ಬಾಗಿದ ನದಿ. "ಅಗೋ ನಮ್ಮನೆ! ಅಲ್ಲಲ್ಲ, ಅದರ ಪಕ್ಕದ್ದು" ಎಂಬ ಕೂಗು. "ನಮ್ಮ ಮಾವನ ಮನೇನ ಇರೋದಕ್ಕಿಂತ ದೊಡ್ಡದಾಗಿ ಮಾಡಿದ್ದೀರಿ, ಅವರಿಗೆ ಮೊದಲೇ ಜಂಬ" ಎಂಬ ದೂರು. ಬೆಳಿಗ್ಗೆ ತಾನೇ ಬೀಗ ಹಾಕಿ ಬಂದ ಮನೆಯನ್ನು ಇಲ್ಲಿ ಬೆಂಕಿಪೊಟ್ಟಣದ ಗಾತ್ರದಲ್ಲಿ ಕಂಡಾಗ ಮನುಷ್ಯನಿಗೆ ಯಾಕೆ ಅಷ್ಟು ಸಂತೋಷವಾಗುತ್ತದೆಂದು ಅಂಟಪ್ಪನಿಗೆ ಇಷ್ಟು ವರ್ಷವಾದರೂ ಪೂರ್ತಿ ಅರ್ಥವಾಗಿರಲಿಲ್ಲ.

ಅಂಟಪ್ಪ ಎನ್ನುವುದು ಅಕ್ಕ ಇಟ್ಟ ಹೆಸರು. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಮಾತು ಬಂದಿರಲಿಲ್ಲ. ಅಕ್ಕನ ಸೊಂಟಕ್ಕೆ ಅಂಟಿಕೊಂಡೇ ಬೆಳೆದ. ಮುಂದೆ ಸಂಗ್ರಹಾಲಯದ ಮಾದರಿ ಮೇಸ್ತ್ರಿಯ ಕೈಕೆಳಗೆ ಸೇರಿ, ಬೆರಳ ತುಂಬ ಅಂಟು ಮೆತ್ತಿಕೊಂಡು ಮನೆಗೆ ಬಂದ ದಿನ ಅವಳು, "ನೋಡಿದ್ಯಾ, ನಾನು ಸುಮ್ಮನೆ ಇಟ್ಟ ಹೆಸರಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈಗ ಅವನ ತಲೆ ನರೆತಿತ್ತು. ಮೇಸ್ತ್ರಿ ಕಣ್ಣು ಮುಚ್ಚಿ ಎಷ್ಟೋ ಕಾಲವಾಗಿ, ಇಡೀ ಮಾದರಿಯ ಉಸ್ತುವಾರಿ ಅವನದೇ ಆಗಿತ್ತು. ಮದುವೆಯಾಗಲಿಲ್ಲ. ಸಂಗ್ರಹಾಲಯದ ಹಿಂದೆ, ಕೆಲಸ ಇರುವ ತನಕ ಎಂಬ ಕರಾರಿನ ಮೇಲೆ, ಅವನಿಗೊಂದು ಕೋಣೆ ಕೊಟ್ಟಿದ್ದರು. "ಊರಿಗೆಲ್ಲ ಮನೆ ಕಟ್ಟಿಕೊಟ್ಟೋನಿಗೆ ತನಗೊಂದು ಗೂಡಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಮೇಸ್ತ್ರಿ ಅವನಿಗೆ ಬಿಟ್ಟುಹೋದದ್ದು ಒಂದೇ ನಿಯಮ: ಮಾದರಿ ಊರಿಗೆ ಸುಳ್ಳು ಹೇಳಬಾರದು. ಯಾರಾದರೂ ಬಾಗಿಲಿಗೆ ಹಸಿರು ಬಳಿದರೆ ಅಂಟಪ್ಪ ಕೂದಲೆಳೆಯ ಕುಂಚ ಹಿಡಿದು ಇಲ್ಲಿಯೂ ಹಸಿರು ಬಳಿಯುತ್ತಿದ್ದ. ಗಾಳಿಗೆ ಯಾರದೋ ಹೆಂಚು ಹಾರಿದರೆ ಇಲ್ಲಿಯೂ ಒಂದು ಹೆಂಚು ಕಡಿಮೆಯಾಗುತ್ತಿತ್ತು. ಯೋಜನಾ ಕಚೇರಿಯವರು ಏನನ್ನು ಕಟ್ಟುವುದಿದ್ದರೂ, ಕೆಡಹುವುದಿದ್ದರೂ ನಕ್ಷೆಯನ್ನು ಮೊದಲು ಅವನಿಗೆ ಕಳಿಸುವುದು ರೂಢಿ. ದೊಡ್ಡವರು ಮಾದರಿಯಲ್ಲಿ ಕಣ್ಣಾರೆ ನೋಡಿ ತಲೆಯಾಡಿಸಬೇಕು. ಹೀಗಾಗಿ ಹೊಸ ಸೇತುವೆ ನೀರಿನ ಮೇಲೆ ಏಳುವ ಮೊದಲೇ ಇಲ್ಲಿ ಎದ್ದಿತ್ತು. ಮೀನು ಮಾರುಕಟ್ಟೆ ಅಲ್ಲಿಂದ ಹೋಗುವ ಮೊದಲೇ ಇಲ್ಲಿಂದ ಹೋಗಿತ್ತು. ಗೋಡೆಗೆ ಅಂಟಿಸುವ ನೋಟೀಸುಗಳಾದರೋ ಎಷ್ಟೋ ಸಲ ಸುಳ್ಳಾಗಿದ್ದವು. ಅದಕ್ಕೇ ಹೊಳೆದಂಡೆಯ ಜನ, "ನೋಟೀಸು ಮಳೆಗೆ ಹೋಗುತ್ತೆ, ಮಾದರಿ ಸುಳ್ಳಾಡಲ್ಲ" ಎನ್ನುತ್ತಿದ್ದರು. ಆ ಮಾತನ್ನು ಅವರ ಬಾಯಿಗೆ ಹಾಕಿದವನು ಅಂಟಪ್ಪನೇ. ಅವನ ಬಾಳಿನಲ್ಲಿ ಹೆಮ್ಮೆ ಎಂದು ಇದ್ದದ್ದು ಅದೊಂದೇ.

ಒಂದು ಸುಳ್ಳು ಮಾತ್ರ ಮಾದರಿಯಲ್ಲಿತ್ತು, ಅದನ್ನು ಮೇಸ್ತ್ರಿಯೇ ಒಪ್ಪಿಕೊಂಡಿದ್ದ: ಇಲ್ಲಿಯ ನದಿ ಹರಿಯುವುದಿಲ್ಲ. ಹಲಗೆಯ ಮೇಲೆ ಪದರ ಪದರವಾಗಿ ಬಳಿದ ವಾರ್ನಿಷ್ ಅದು. ವರ್ಷಗಳಿಂದ ಹಳದಿಗಟ್ಟಿ, ಎರಡೂ ದಡಗಳ ನಡುವೆ ಅಲ್ಲಾಡದೆ ಕೂತಿತ್ತು.

ನಿಜವಾದ ನದಿಯ ಸ್ವಭಾವ ಬೇರೆ. ತಿರುವಿನಲ್ಲಿ ನೀರು ಹೊರದಡಕ್ಕೆ ರಭಸದಿಂದ ಬಡಿದು ಅದನ್ನು ಕೊರೆಯುತ್ತದೆ. ಕೊರೆದ ಮಣ್ಣನ್ನು ಮುಂದೆ ಎಲ್ಲೋ ನೀರು ನಿಧಾನವಾದ ಒಳದಡಕ್ಕೆ ತಂದು ಸುರಿಯುತ್ತದೆ. ಹೊರದಡದಲ್ಲಿ ಆಳ, ಒಳದಡದಲ್ಲಿ ಮರಳು. ಊರು ಹುಟ್ಟಿದ್ದೇ ಈ ಲೆಕ್ಕದಿಂದ. ಗೋಡೆಯ ಗುಂಡಿ ಒತ್ತಿದರೆ ಮಾದರಿಯೊಳಗೆ ಪುಟ್ಟ ಬಲ್ಬು ಹೊತ್ತಿಕೊಂಡು ಹಳೆಯ ಗಂಡು ಧ್ವನಿಯೊಂದು ಅದನ್ನೇ ಹೇಳುತ್ತಿತ್ತು: ಉಪ್ಪು ಹೊತ್ತ ದೋಣಿಗಳು ಸೆಳವಿನ ಎದುರು ಈ ತಿರುವು ದಾಟಲಾರದೆ ಕಾಯುತ್ತಿದ್ದವು, ಕಾಯುವವರಿಗೆ ಅನ್ನ ಬೇಕು, ಸೂರು ಬೇಕು, ಜೂಜಿಗೊಂದು ಕಟ್ಟೆ ಬೇಕು, ಹಾಗೆ ಕಾಯುವುದರಿಂದಲೇ ಬೆಳೆದ ಊರು ಇದು. ಉಪ್ಪಿನ ಕಟ್ಟೆಗೊಂದು ಗುಂಡಿ, ಕಲ್ಲು ಸೇತುವೆಗೊಂದು, ಗಡಿಯಾರ ಗೋಪುರಕ್ಕೊಂದು, ಹಳೆಯ ಸುಂಕದ ಮನೆಗೊಂದು. ಕೊನೆಯದು ಹಗ್ಗದ ಬೀದಿಗೆ. ದಂಡೆಯ ಮೇಲೆ ನಿಂತ ಆಳುಗಳು ದೋಣಿಗಳಿಗೆ ಹಗ್ಗ ಬಿಗಿದು ತಿರುವು ದಾಟಿಸುತ್ತಿದ್ದ ಕಾಲದಲ್ಲಿ ಹಗ್ಗ ಹೊಸೆಯುವವರು ಆಳವಾದ ನೀರಿನ ಪಕ್ಕದಲ್ಲೇ, ಹೊರದಡದ ಅಂಚಿನಲ್ಲೇ ಮನೆ ಹೂಡಿದರು. ಉದ್ದ ಹಗ್ಗ ಹೊಸೆಯಲು ಉದ್ದ ಜಾಗ ಬೇಕಾದ್ದರಿಂದ ಇಡೀ ಊರಿನಲ್ಲಿ ನೆಟ್ಟಗಿದ್ದ ಬೀದಿ ಅದೊಂದೇ.

ಆ ಬೀದಿಯ ಹೊಳೆ ಕಡೆಯ ಸಾಲಿನಲ್ಲಿ ಅಕ್ಕನ ಮನೆ. ಭಾವ ದೋಣಿ ನಡೆಸುತ್ತಿದ್ದವನು. ಹೊಸ ಸೇತುವೆ ಬಂದ ಮೇಲೆ ದೋಣಿ ಹತ್ತುವವರು ಯಾರೂ ಇಲ್ಲದೆ, "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರೆ, ಇವರು ದಾಟೋಕ್ಕೂ ಮುಂಚೇನೇ ಮರೆತರು" ಎಂದು ಗೊಣಗುತ್ತ ಮೂಲೆ ಹಿಡಿದು, ಒಂದು ಮಳೆಗಾಲ ಜ್ವರದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಅಕ್ಕ ಮುಂಬಾಗಿಲ ಕೋಣೆಯಲ್ಲಿ ಕೊಡೆ ರಿಪೇರಿಗೆ ಕೂತಳು. ಸದಾ ಮಳೆ ಬೀಳುವ ಊರಿನಲ್ಲಿ ಆ ಕೈಗೆ ಬಿಡುವೇ ಇರಲಿಲ್ಲ.

ಪ್ರತಿ ಭಾನುವಾರ ಅವಳು ಯಾರದಾದರೂ ರಿಪೇರಿಯಾದ ಕೊಡೆ ಹಿಡಿದು ಬಾಲ್ಕನಿಗೆ ಬರುತ್ತಿದ್ದಳು. ಕೊಡೆಯ ತುದಿಯಿಂದ ಕಂಬಿಗೆ ಟಣ್ಣೆಂದು ಬಡಿಯುತ್ತಿದ್ದಳು. ಅಂಟಪ್ಪ ಮಾದರಿಯ ಮೇಲೆ ಸರಪಳಿಯಿಂದ ತೂಗುಹಾಕಿದ ಹಲಗೆಯ ಮೇಲೆ ಬೋರಲು ಮಲಗಿ ಯಾವುದೋ ಮಾಡಿನ ಧೂಳು ಒರೆಸುತ್ತಿರುತ್ತಿದ್ದ.

"ನನ್ನ ಮನೆ ಇದೆಯೇನೋ ಅಂಟಪ್ಪಾ?"

"ಇದೆ ಕಣಕ್ಕಾ."

"ಹಾಗಾದ್ರೆ ಹೋಗಿ ಮಲಗ್ತೀನಿ."

ಸುತ್ತಲಿದ್ದವರು ನಗುತ್ತಿದ್ದರು. ಅವರಿಗೂ ಇದು ಬಾಯಿಪಾಠ.

ಆ ಮಳೆಗಾಲದ ಆರಂಭದಲ್ಲಿ ನಿರ್ದೇಶಕಿ ಅವನನ್ನು ಕರೆಸಿ, "ಕೂತ್ಕೊಳ್ಳಿ" ಎಂದರು. ಮೇಡಂ ಕೂರಲು ಹೇಳಿದರೆ ಒಳ್ಳೆಯ ಸುದ್ದಿ ಇರುವುದಿಲ್ಲವೆಂದು ಸಿಬ್ಬಂದಿಗೆಲ್ಲ ಗೊತ್ತು. ಮೇಜಿನ ಮೇಲೆ ನಕ್ಷೆಯ ಸುರುಳಿ ಇತ್ತು.

"ಹಗ್ಗದ ಬೀದೀಲಿ ಹೊಳೆ ಕಡೆ ಸಾಲು ಪೂರ್ತಿ ಹೋಗುತ್ತೆ. ದಂಡೆ ಕೆಳಗಿಂದ ಟೊಳ್ಳಾಗಿದೆಯಂತೆ. ಇಳಿಜಾರು ಕಲ್ಲು ಕಟ್ಟಿ ಮೇಲೆ ಹೂದೋಟ, ಪ್ರವಾಸಿಗಳಿಗೆ ನಡೆದಾಡೋ ದಾರಿ ಮಾಡ್ತಾರೆ."

"ನೋಟೀಸು ಅಂಟಿಸಿದ್ದು ನೋಡ್ದೆ ಮೇಡಂ. ಹಿಂದೆಯೂ ಅಂಟಿಸಿದ್ರು."

"ಈ ಸಲ ನಕ್ಷೆ ಬಂದಿದೆಯಲ್ಲ."

ಅವನಿಗೆ ಅಷ್ಟು ಸಾಕಾಯಿತು. ಮೇಡಂ ಮಾತ್ರ ನಿಲ್ಲಿಸಲಿಲ್ಲ. ತಿಂಗಳ ಕೊನೆಯೊಳಗೆ ವಾರ್ಡ್ ಕಚೇರಿಗೆ ಹೋಗಿ ಒಪ್ಪಿಗೆಗೆ ಸಹಿ ಹಾಕಿದವರಿಗೆ ಆಚೆ ದಡದ ಬಡಾವಣೆಯಲ್ಲಿ ಮನೆ. ಹಾಕದವರು ಮನೆ ಬೇಡವೆಂದಂತೆ. ಆಮೇಲೆ ಕಾಲಿಗೆ ಬಿದ್ದರೂ ಇಲ್ಲ. ಅಷ್ಟರೊಳಗೆ ಮಾದರಿಯಲ್ಲಿ ಆ ಸಾಲನ್ನು ತೆಗೆದು ಹೂದೋಟ ಕೂರಿಸಬೇಕು. ಮತ್ತು ಅದೇ ಮಾದರಿಯ ಕೊನೆಯ ಕೆಲಸ.

"ಬರೋ ವರ್ಷ ಹಾಲಿಗೆ ಗಾಜಿನ ಪರದೆ ಬರುತ್ತೆ. ಬೆರಳಿಟ್ಟರೆ ಊರೇ ತಿರುಗುತ್ತಂತೆ."

"ಇದನ್ನ ಏನು ಮಾಡ್ತಾರೆ?"

"ಗೋದಾಮಿಗೆ. ನಿಮ್ಮ ನಿವೃತ್ತಿಗೂ ಅದಕ್ಕೂ ಸರಿಹೋಗುತ್ತೆ."

"ನನ್ನ ಕೋಣೆ, ಮೇಡಂ?"

ನಿರ್ದೇಶಕಿ ಕೆಟ್ಟವರಲ್ಲ. ಮೇಜಿನ ಮೇಲಿನ ಪೆನ್ನುಗಳನ್ನು ಒಂದರ ಪಕ್ಕ ಒಂದು ಜೋಡಿಸಿದರು.

ಅಂಟಪ್ಪ ಅಲ್ಲಿಂದ ನೇರ ಅಕ್ಕನ ಮನೆಗೆ ಹೋದ. ಮಾಡಿನ ತೊಲೆಗೆ ಬಟ್ಟೆ ಕಳಚಿದ ಕೊಡೆಗಳು ಬಾವಲಿಗಳಂತೆ ಜೋತುಬಿದ್ದಿದ್ದವು. ಅವಳು ಹಿಂದಿನ ಕೋಣೆಯ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಿರುಕಿನೊಳಗೆ ಕೊಡೆಯ ಕಡ್ಡಿಯೊಂದನ್ನು ತೂರಿಸುತ್ತಿದ್ದಳು. ಕಡ್ಡಿ ಪೂರ್ತಿ ಒಳಗೆ ಹೋಯಿತು.

"ಹೋದ ವರ್ಷ ಅರ್ಧಕ್ಕೆ ನಿಲ್ತಿತ್ತು" ಎಂದಳು, ನೆರೆಮನೆಯ ಮಗು ಎಷ್ಟು ಎತ್ತರ ಬೆಳೆದಿದೆ ಎಂದು ಹೇಳುವವಳಂತೆ.

"ಅಕ್ಕಾ, ಈ ಸಲ ನಿಜ."

"ಪ್ರತಿ ಸಲಾನೂ ನಿಜಾನೇ ಕಣೋ. ಹಿಂದಿನ ಸಲ ಪಕ್ಕದ ಮನೆ ಇಸ್ತ್ರಿಯೋನು ನಂಬಿ, ಪಾತ್ರೆ ಪಗಡ ಕಟ್ಟಿ ಎಷ್ಟೋ ದಿನ ಮೂಟೆ ಮೇಲೇ ಮಲಗಿದ್ದ. ಆಮೇಲೆ ಬೆನ್ನು ನೋವಿಗೆ ಎಣ್ಣೆ ತಿಕ್ಕಿದ್ದು ನಾನು."

"ನಕ್ಷೆ ಬಂದಿದೆ. ನಾನೇ ನೋಡ್ದೆ."

ಅವಳ ಕೈ ನಿಂತಿತು. ಗೋಡೆಯನ್ನೇ ನೋಡುತ್ತ ಕೇಳಿದಳು: "ಮಾದರಿಯಿಂದ ತೆಗೆದ್ಯಾ?"

"ಇನ್ನೂ ಇಲ್ಲ."

"ತೆಗಿ. ನೀನು ತೆಗೆದ ದಿನ ನಾನು ಹೋಗಿ ಸಹಿ ಹಾಕ್ತೀನಿ. ನೋಟೀಸಿಗೆ ನಾನು ಹೆದರೋಳಲ್ಲ. ನಿನ್ನ ಕೈಯಾರೆ ತೆಗೆದ್ಯೋ, ಮುಗೀತು, ಒಂದು ಮಾತಾಡಲ್ಲ." ಆಮೇಲೆ ತಾನೇ ಮಾತು ಹಗುರ ಮಾಡಿದಳು. "ಹೊಸ ಮನೇಲಿ ನಿನಗೂ ಒಂದು ಮೂಲೆ ಕೊಡ್ತೀನಿ, ಹೆದರಬೇಡ. ಅಂಟಿನ ಡಬ್ಬ ಮಾತ್ರ ಹೊರಗಿಡಬೇಕು."

ದಾರಿಯುದ್ದಕ್ಕೂ ಅಂಟಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಿತ್ತು. ಏನಾಗಬೇಕೋ ಅದು ತನ್ನ ಕೈಯಲ್ಲೇ ಇದೆ. ಒಂದು ರಟ್ಟಿನ ಮನೆ ಕೀಳಬೇಕು, ಅಷ್ಟೆ. ಕಿತ್ತರೆ ಅಕ್ಕನಿಗೆ ಮನೆ. ಅಕ್ಕನಿಗಾದರೆ ತನಗೂ ಆಯಿತು.

ಕೆಲಸ ಶುರುವಾಯಿತು. ಹಳೆಯ ಅಂಟು ಬರಿಯ ಅಲಗಿಗೆ ಬಗ್ಗುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮನೆಯ ಬುಡಕ್ಕೆ ಸುತ್ತಿ, ಅಂಟು ಮೆತ್ತಗಾಗುವ ತನಕ ಕಾದು, ತೆಳು ಅಲಗನ್ನು ಅಡಿಗೆ ಜಾರಿಸಿ ಎತ್ತಬೇಕು. ಬೀದಿಯ ಮೇಲ್ತುದಿಯಿಂದ ಎತ್ತುತ್ತ ಬಂದ. ಇಸ್ತ್ರಿಯವನ ಮನೆ ಎದ್ದಿತು. ಬಾಣಂತಿಯರನ್ನು ನೋಡುವ ಅಜ್ಜಿಯ ಮನೆ ಎದ್ದಿತು. ಸಾಲಿನಲ್ಲಿ ಅಕ್ಕನ ಮನೆ ಬಂದಾಗ ಅದನ್ನು ಬಿಟ್ಟು ಮುಂದಿನದಕ್ಕೆ ಹೋದ. ಕೊನೆಗೆ ತೆಗೆದರಾಯಿತು ಎಂದುಕೊಂಡ.

ಎಲ್ಲವೂ ಮುಗಿದು ಅದೊಂದೇ ಉಳಿದಾಗ ಬಟ್ಟೆ ಅದ್ದಿದ, ಹಿಂಡಿದ, ಬುಡಕ್ಕೆ ಸುತ್ತಿದ. ಅವನು ಮೇಸ್ತ್ರಿಯ ಸಹಾಯವಿಲ್ಲದೆ ಮಾಡಿದ ಮೊದಲ ಮನೆ ಅದು. ಕಿಟಕಿಯ ಸರಳು ಸ್ವಲ್ಪ ಸೊಟ್ಟ. ಬಾಗಿಲ ಪಕ್ಕದಲ್ಲಿ ಸಣ್ಣ ತಂತಿ ಬಗ್ಗಿಸಿ, ಕಪ್ಪು ರೇಷ್ಮೆಯ ಚೂರು ಅಂಟಿಸಿ ನೇತುಹಾಕಿದ ಕೊಡೆ, ಅಕ್ಕಿಕಾಳಿನಷ್ಟು. ಅದನ್ನು ನೋಡಿದ ದಿನ ಅಕ್ಕ ಸೆರಗಿನಿಂದ ಅವನ ಬೆರಳುಗಳ ಅಂಟನ್ನು ಒಂದೊಂದಾಗಿ ಒರೆಸಿದ್ದಳು. ಬಟ್ಟೆಯ ಬಿಸಿ ಆರಿತು. ಇನ್ನೊಮ್ಮೆ ಅದ್ದಿ ಸುತ್ತಿದ. ಅಂಟು ಬಿಟ್ಟಿತು, ಬೆರಳು ತಾಗಿಸಿದರೆ ಮನೆ ಕೊಂಚ ಅಲ್ಲಾಡಿತು. ಅಲಗನ್ನು ಹಿಡಿದವನು ಹಿಡಿದೇ ಇದ್ದ. ಆಮೇಲೆ ಬಟ್ಟೆ ತೆಗೆದು, ಮನೆಯನ್ನು ಮೆಲ್ಲಗೆ ಒತ್ತಿ, ಅಂಟು ಮತ್ತೆ ಹಿಡಿಯುವ ತನಕ ಹಾಗೇ ಅದುಮಿಕೊಂಡಿದ್ದ. ನಾಳೆ, ಎಂದುಕೊಂಡ. ಸುತ್ತಲೂ ಹೂದೋಟದ ಹಸಿರು ಬಟ್ಟೆ ಹಾಸಿದ.

ಆ ನಾಳೆ ಬರುವುದರೊಳಗೆ ಭಾನುವಾರ ಬಂತು.

ಹಗ್ಗದ ಬೀದಿಯವರು ಒಟ್ಟಿಗೇ ಬಂದಿದ್ದರು. ಬಾಲ್ಕನಿಯಲ್ಲಿ ಅಂದು ಕೂಗಾಟವಿರಲಿಲ್ಲ. ಬಾಣಂತಿಯರನ್ನು ನೋಡುವ ಅಜ್ಜಿ ಕಂಬಿಗೆ ಹಣೆ ಒತ್ತಿ ನಿಂತಿದ್ದಳು. ಇಸ್ತ್ರಿಯವನು ಮಾತ್ರ, "ಆಯ್ತು ಬಿಡಿ, ಈ ಸಲ ಮೂಟೆ ಬಿಚ್ಚೋ ಕೆಲಸ ಉಳೀತು" ಎಂದ, ಯಾರೂ ನಗಲಿಲ್ಲ. ಅಷ್ಟರಲ್ಲಿ ಯಾರೋ, "ಅಲ್ಲಿ ಒಂದು ಇದೆಯಲ್ಲ?" ಎಂದರು. "ಕೊಡೆಯಕ್ಕನ ಮನೆ ಹಾಗೇ ಇದೆ!"

ಮೆಟ್ಟಿಲ ಮೇಲೆ ಅಕ್ಕ ಕಂಡಳು. ಜನ ದಾರಿ ಬಿಟ್ಟರು. ಅವಳು ಕಂಬಿಯ ಬಳಿ ಬಂದು ಬಗ್ಗಿದಳು. ಹಲಗೆಯ ಮೇಲೆ ಬೋರಲು ಮಲಗಿದ್ದ ಅಂಟಪ್ಪನಿಗೆ, ಕತ್ತೆತ್ತಿದಾಗ, ಕೆಳಗಿನಿಂದ ಅವಳ ಮುಖ ಚೆನ್ನಾಗಿ ಕಂಡಿತು. ಹೊರಡಲು ಸಿದ್ಧವಾಗಿ ಬಂದವಳ ಮುಖ ಅದು. ತಲೆಗೆ ನೀಟಾಗಿ ಎಣ್ಣೆ ಹಚ್ಚಿ, ಒಳ್ಳೆಯ ಸೀರೆ ಉಟ್ಟಿದ್ದಳು, ಇಲ್ಲಿಂದ ನೇರ ವಾರ್ಡ್ ಕಚೇರಿಗೇ ಎಂಬಂತೆ. ಆ ಮುಖ ಬದಲಾಗುವುದನ್ನು ಅವನು ನೋಡಿದ. ಅವಳು ಕೊಡೆಯಿಂದ ಕಂಬಿಗೆ ಬಡಿಯಲು ಮರೆತಳು.

"ನನ್ನ ಮನೆ... ಇದೆಯೇನೋ ಅಂಟಪ್ಪಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಎಷ್ಟೋ ವರ್ಷಗಳ ಅಭ್ಯಾಸ ಅವನ ನಾಲಿಗೆಯನ್ನು ಅವನಿಗಿಂತ ಮೊದಲು ಅಲ್ಲಾಡಿಸಿತು.

"ಇದೆ ಕಣಕ್ಕಾ."

"ಒಂದು ಹಳೇ ಮನೇನ ನೆನಪಿಗೆ ಅಂತ ಬಿಡ್ತಾರೆ ಕಣ್ರೀ" ಎಂದ ಇಸ್ತ್ರಿಯವನು, ಎಲ್ಲ ತಿಳಿದವನಂತೆ. "ಹೂದೋಟದ ಮಧ್ಯೆ. ಪ್ರವಾಸಿಗಳಿಗೆ ತೋರಿಸೋಕೆ. ಸುಂಕದ ಮನೇನೂ ಹಾಗೇ ತಾನೆ ಉಳಿಸಿದ್ದು?"

"ಅದು ಸರಿ, ಅವಳದ್ದೇ ಯಾಕೆ?"

"ತಮ್ಮ ಯಾರು ಗೊತ್ತಿಲ್ವಾ? ಹುಟ್ಟಿದರೆ ಇಂಥ ತಮ್ಮ ಹುಟ್ಟಬೇಕು. ನಮಗೂ ಇದ್ದಾರೆ, ಇಸ್ತ್ರಿಗೆ ಬಟ್ಟೆ ಕೊಟ್ಟು ಕಾಸು ಕೊಡದೆ ಹೋಗೋರು."

ಈಗ ನಗು ಎದ್ದಿತು. ಅಕ್ಕ ಮಾತ್ರ ನಗಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಕೆಳಗೆ ಅವನನ್ನೇ ನೋಡುತ್ತಿದ್ದಳು. ಅಲ್ಲ ಅಕ್ಕಾ, ನಾನು ಇನ್ನೂ ತೆಗೆದಿಲ್ಲ ಅಷ್ಟೇ ಎನ್ನಹೊರಟ ಅಂಟಪ್ಪ, ಆ ನೋಟಕ್ಕೆ ಸಿಕ್ಕಿ, ಒರೆಸಿದ ಮಾಡನ್ನೇ ಮತ್ತೆ ಒರೆಸತೊಡಗಿದ. ಇಷ್ಟು ಜನರ ಮುಂದೆ ಬೇಡ. ನಾಡಿದ್ದು ಮನೆಗೆ ಹೋಗಿ ಹೇಳಿದರಾಯಿತು.

ಹೋದಾಗ ಅವಳು ಬಾಗಿಲಿಗೆ ಬಣ್ಣ ಬಳಿಯುತ್ತಿದ್ದಳು. ಕಡು ನೀಲಿ. ಬೀದಿಯ ತುಂಬ ಕೈಗಾಡಿಗಳು. ಮಂಚ, ಹಾಸಿಗೆ, ಕೋಳಿಗೂಡು ಎಲ್ಲ ಸೇತುವೆಯ ಕಡೆ ಹೊರಟಿದ್ದವು.

"ಪ್ರವಾಸಿಗಳು ಬರ್ತಾರಲ್ಲ, ಬಾಗಿಲು ಬೋಳಾಗಿದ್ರೆ ಚೆಂದವೇ? ಅಲ್ಲೂ ನೀಲಿ ಬಳಿಯೋ, ಮರೀಬೇಡ."

"ಅಕ್ಕಾ, ಕೇಳಿಲ್ಲಿ. ಆ ಮನೇನ ನಾನು ತೆಗೆದಿಲ್ಲ, ಅಷ್ಟೇ."

"ಅದೇ ತಾನೆ ನಾನು ಕೇಳಿದ್ದು?" ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಬಾಯಿ ಬಿಡಬೇಡ. ಯಾರ ಕಾಲು ಹಿಡಿದ್ಯೋ, ಏನು ಮಾಡಿದ್ಯೋ ನಂಗೆ ಬೇಡ. ದೊಡ್ಡೋರ ಉಪಕಾರ, ಹೇಳಿಕೊಂಡ್ರೆ ಕೆಡುತ್ತೆ." ಬಣ್ಣದ ಕೈಯಲ್ಲೇ ಅವನ ಗಲ್ಲ ಮುಟ್ಟಲು ಬಂದು, ನೆನಪಾಗಿ ಕೈ ಹಿಂದೆಗೆದಳು. "ನಿನ್ನ ಭಾವ ಇದ್ದಿದ್ರೆ ಇವತ್ತು ಕುಣೀತಿದ್ರು ಕಣೋ."

ಅಂಟಪ್ಪ ಸೇತುವೆಯ ತನಕ ನಡೆದು ಕಟ್ಟೆಯ ಮೇಲೆ ಕೂತ. ಕೆಳಗೆ ನೀರು ಕೆಂಪಗೆ, ದಪ್ಪಗೆ, ಹೊರದಡಕ್ಕೆ ಮೈ ಒರಸಿಕೊಂಡು ಹೋಗುತ್ತಿತ್ತು. ಅಕ್ಕನ ಮನೆಯ ಹಿಂಗೋಡೆ ಅಲ್ಲಿಂದ ಕಾಣುತ್ತಿತ್ತು. ಅದರ ಬುಡದಲ್ಲಿ ಮಣ್ಣು ಇರಬೇಕಾದಲ್ಲಿ ನೆರಳು ಇತ್ತು. ಎದ್ದು ಹೋಗಿ ಹೇಳಬೇಕು ಎಂದು ಅವನಿಗೆ ಗೊತ್ತಿತ್ತು. ಏಳಲಿಲ್ಲ. ಅವಳ ಬಾಳಿನಲ್ಲಿ ಯಾರೂ ಅವಳಿಗಾಗಿ ಏನನ್ನೂ ಉಳಿಸಿರಲಿಲ್ಲ. ತಾನು ಉಳಿಸಿದವನೆಂದು ಅವಳು ಎಣಿಸಿದ್ದಳು. ಆ ಎಣಿಕೆಯಲ್ಲಿ ಇನ್ನೂ ಒಂದು ದಿನ ಇರಬೇಕೆಂಬ ಆಸೆ, ನಿಜ ಹೇಳಬೇಕೆಂದರೆ, ಅವನದಾಗಿತ್ತು, ಅವಳದಲ್ಲ. ಹೀಗೆ ದಿನಕ್ಕೆ ದಿನ ಸೇರಿ ತಿಂಗಳು ಕೊನೆಗೆ ಬಂತು.

ಕೊನೆಯ ದಿನ ಬೆಳಿಗ್ಗೆ ಮೊದಲು ವಾರ್ಡ್ ಕಚೇರಿಗೆ ಓಡಿದ. ಅಕ್ಕನ ಬದಲು ತಾನು ಸಹಿ ಹಾಕಬಹುದೇ ಎಂದು ಕೇಳಿದ. ಗುಮಾಸ್ತ ತಲೆಯೆತ್ತದೆ, "ಮನೆ ಯಾರದೋ ಅವರೇ ಬರಬೇಕು" ಎಂದ. "ಸಂಜೆ ತನಕ ಇರ್ತೀವಿ, ಕರ್ಕೊಂಡು ಬನ್ನಿ." ಅಲ್ಲಿಂದ ಅಕ್ಕನ ಮನೆಗೆ ಓಡಿದ. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದ, ಒಂದನ್ನೂ ಮುಚ್ಚಿಡದೆ: ನಕ್ಷೆಯಲ್ಲಿ ಯಾವ ಮನೆಯೂ ಉಳಿದಿಲ್ಲ, ಯಾರ ಕಾಲನ್ನೂ ತಾನು ಹಿಡಿದಿಲ್ಲ, ಕೀಳಲು ಕೈ ಬರಲಿಲ್ಲ, ಅಷ್ಟೇ.

ಅವಳು ಕೊಡೆಯೊಂದಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ಸೂಜಿ ನಿಲ್ಲಲಿಲ್ಲ.

"ಯಾರು ಹೆದರಿಸಿದ್ರು ನಿನ್ನ?"

"ಯಾರೂ ಇಲ್ಲ ಅಕ್ಕಾ! ಏಳು, ಕಚೇರಿ ಮುಚ್ಚುತ್ತೆ."

"ನನಗೆ ಗೊತ್ತಿತ್ತು. ಉಳಿದೋರಿಗೆ ಹೊಟ್ಟೆಕಿಚ್ಚು. ಮೇಲಿಂದ ಯಾರೋ ಗದರಿಸಿದ್ದಾರೆ, ಅಕ್ಕನ್ನೂ ಕಳಿಸು ಅಂತ. ಮಾದರೀಲಿ ಇದೆಯೋ ಇಲ್ವೋ, ಅಷ್ಟು ಹೇಳು."

"ಇದೆ. ಆದ್ರೆ ಅದು ಸುಳ್ಳು."

ಸೂಜಿ ಈಗ ನಿಂತಿತು. "ಮಾದರಿ ಸುಳ್ಳು ಹೇಳುತ್ತಾ? ನೀನು ಹೇಳ್ತಿದ್ಯಾ ಈ ಮಾತು? ಈ ಬೀದಿ ಮಕ್ಕಳಿಗೆಲ್ಲ ಆಣೆ ಹಾಕಿ ಹೇಳಿದೋನು?"

"ಬಾ, ನಿನ್ನ ಕಣ್ಣೆದುರಿಗೇ ಕಿತ್ತು ತೋರಿಸ್ತೀನಿ. ನಾನು ತೆಗೆದರೆ ಸಹಿ ಹಾಕ್ತೀನಿ ಅಂತ ನೀನೇ ಅಂದಿದ್ಯಲ್ವಾ?"

"ಅವತ್ತೇ ತೆಗೆದಿದ್ರೆ ನಂಬ್ತಿದ್ದೆ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿದ ಮಗುವನ್ನು ಸಮಾಧಾನ ಮಾಡುವ ಮೆತ್ತನೆ ಇತ್ತು. "ಈಗ ಹೆದರಿ ತೆಗೆದ್ರೆ ಅದೇ ಕಣೋ ಸುಳ್ಳು. ಹೋಗು, ಮುಖ ತೊಳ್ಕೊ. ಗಟ್ಟಿಯಾಗಿರು."

ಅವನು ಅವಳ ಕೈ ಹಿಡಿದು ಎಳೆದ. ಅವಳು ಬಿಡಿಸಿಕೊಂಡಳು. ಇಸ್ತ್ರಿಯವನನ್ನು ಕರೆತಂದು ಹೇಳಿಸೋಣವೆಂದರೆ ಅವನು ಆಚೆ ದಡಕ್ಕೆ ಹೋಗಿ ವಾರವಾಗಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಅವನು ಹೊಸ್ತಿಲ ಮೇಲೆ ಕೂತು ಅತ್ತ. ಅವಳು ಒಳಗಿನಿಂದ ನೀರು ತಂದು ಕೊಟ್ಟಳು. ಕುಡಿದ. ಸಂಜೆಯಾಯಿತು.

ಮನೆ ಕೆಡಹಲು ಬಂದ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ದಂಡೆ ಟೊಳ್ಳಾಗಿದ್ದರಿಂದ ಯಂತ್ರವನ್ನು ಹತ್ತಿರ ತರುವ ಧೈರ್ಯ ಯಾರಿಗೂ ಇರಲಿಲ್ಲ. ಕಂಬಗಳಿಗೆ ಹಗ್ಗ ಬಿಗಿದು ಬೀದಿಯ ಈಚೆ ಬದಿಯಿಂದ ಎಳೆಯಲು ನಿಂತರು. ಹಿಂದೆ ದೋಣಿಗಳನ್ನು ಎಳೆಯುತ್ತಿದ್ದ ಹಾಗೆಯೇ, ಒಬ್ಬ ಕೂಗುವುದು, ಉಳಿದವರು ಜಗ್ಗುವುದು. ಎಂಜಿನಿಯರ್ ಸಣ್ಣ ಪ್ರಾಯದವನು, ಅಕ್ಕನಿಗೆ ನಮಸ್ಕಾರ ಮಾಡಿ, "ಅಮ್ಮಾ, ಎಷ್ಟು ಸಲ ನೋಟೀಸು ಕೊಟ್ವಿ, ಯಾಕಮ್ಮಾ ಬರಲಿಲ್ಲ?" ಎಂದ. ನಿಜಕ್ಕೂ ಉತ್ತರ ಬೇಕಾಗಿದ್ದವನ ಹಾಗೆ ಕೇಳಿದ.

ಅಕ್ಕ ಅಂಟಪ್ಪನ ಕಡೆ ತಿರುಗಲಿಲ್ಲ. ಕೈಗಾಡಿಯಲ್ಲಿ ಕೊಡೆಗಳ ಕಟ್ಟು, ಹಾಸಿಗೆ, ಒಂದು ಪೆಟ್ಟಿಗೆ. ಬಾಗಿಲು ನೆಲಕ್ಕೆ ಬೀಳುವಾಗ ಚೌಕಟ್ಟಿನ ಸಮೇತ ಬಿತ್ತು, ನೀಲಿ ಮುಖ ಮೇಲೆ ಮಾಡಿ. ಹಿಂಗೋಡೆ ಈಚೆಗೆ ಬರಲೇ ಇಲ್ಲ. ಹಗ್ಗದ ಸೆಳೆತಕ್ಕೆ ಕಾಯದೆ, ಆಚೆ ನೀರಿಗೆ ಜಾರಿಹೋಯಿತು. ಸದ್ದೂ ಅಂಥದೇನಾಗಲಿಲ್ಲ.

ವರ್ಷದ ಕೊನೆಯವರೆಗೆ ಅಕ್ಕ ಅವನ ಕೋಣೆಯಲ್ಲಿರಲಿ ಎಂದು ನಿರ್ದೇಶಕಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಇಬ್ಬರೂ ಎಲ್ಲಿಗೆ ಎಂಬುದನ್ನು ಇಬ್ಬರೂ ಆಡಲಿಲ್ಲ. ಅವಳು ಬೈದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತೇನೋ. ಬೈಯಲಿಲ್ಲ. ಅನ್ನ ಬೇಯಿಸಿದಳು, ಬಡಿಸಿದಳು, ಗೋಡೆಯ ಕಡೆ ತಿರುಗಿ ಮಲಗಿದಳು. ಕೊಡೆ ರಿಪೇರಿಗೆ ತಂದವರಿಗೆ, "ಕಣ್ಣು ಕಾಣಲ್ಲ" ಎಂದು ಹೇಳಿ ಕಳಿಸಿದಳು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

ಮುಂದಿನ ಭಾನುವಾರ ಅವಳು ಬಾಲ್ಕನಿಗೆ ಬಂದಳು. ಅಂಟಪ್ಪ ಹಲಗೆಯ ಮೇಲಿದ್ದ. ಕಂಬಿಗೆ ಕೊಡೆ ಬಡಿಯುವುದನ್ನು ಕಾದ. ಪ್ರಶ್ನೆಯನ್ನು ಕಾದ. ಅವಳು ಸುಮ್ಮನೆ ಕೆಳಗೆ ನೋಡುತ್ತ ನಿಂತಿದ್ದಳು. ಹಸಿರು ಬಟ್ಟೆಯ ನಡುವೆ ಮನೆ ಒಂಟಿಯಾಗಿ ನಿಂತಿತ್ತು, ಊರಿನಲ್ಲಿ ಈಗ ಇಲ್ಲದ್ದು ಮಾದರಿಯಲ್ಲಿ. ಅವನು ಬಿಸಿನೀರಿಗೂ ಕಾಯಲಿಲ್ಲ. ಅಲಗು ತೂರಿಸಿ ಎತ್ತಿದ. ಒಂದು ಮೂಲೆ ಮಾದರಿಯ ನೆಲಕ್ಕೇ ಅಂಟಿಕೊಂಡು ಹರಿಯಿತು. ಮೆಟ್ಟಿಲು ಹತ್ತಿ ಹೋಗಿ ಅವಳ ಅಂಗೈಯಲ್ಲಿಟ್ಟ.

ಅವಳು ಅದನ್ನು ಕಣ್ಣಿನ ಹತ್ತಿರ ತಂದಳು. ಸೊಟ್ಟ ಸರಳನ್ನು ನೋಡಿದಳು, ಅಕ್ಕಿಕಾಳಿನ ಕೊಡೆಯನ್ನು ನೋಡಿದಳು. ಹೆಬ್ಬೆರಳ ಉಗುರಿನಿಂದ ಬಾಗಿಲನ್ನು ಮುಟ್ಟಿದಳು. ಅದು ಹಳೆಯ ಕಂದು ಬಣ್ಣದ್ದೇ.

"ನೀಲಿ ಬಳಿ ಅಂದಿದ್ದೆ."

"ಹೂಂ."

"ಬಳೀಲಿಲ್ಲ ನೀನು."

ತೆಗೆಯದೆ ಇರಲು ಅವನ ಕೈ ಒಪ್ಪಿತ್ತು. ಬೀಳಲಿರುವ ಬಾಗಿಲಿಗೆ ಬಣ್ಣ ಬಳಿಯಲು ಒಪ್ಪಿರಲಿಲ್ಲ. ಅದೊಂದನ್ನು ಬಳಿಯದೆ ಬಿಟ್ಟದ್ದು ಅವನಿಗೇ ಈಗ ಹೊಳೆಯುತ್ತಿತ್ತು.

"ಅಷ್ಟು ಚೆನ್ನಾಗಿ ಗೊತ್ತಿತ್ತು ನಿನಗೆ" ಎಂದಳು ಅಕ್ಕ.

ಮನೆಯನ್ನು ಅವನ ಕೈಗೆ ವಾಪಸು ಕೊಟ್ಟು, ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹಿಂದಿನ ಕೋಣೆಯ ಕಡೆ ಹೋದಳು. ಯಾರೋ ಪರವೂರಿನವರು ಗುಂಡಿ ಒತ್ತಿದರು. ಹಗ್ಗದ ಬೀದಿಯ ಬಲ್ಬು ಹಸಿರು ಬಟ್ಟೆಯ ಕೆಳಗೆ ಮಂದವಾಗಿ ಹೊತ್ತಿಕೊಂಡಿತು; ಹಳೆಯ ಧ್ವನಿ ದೋಣಿಗಳ ಕಥೆ ಶುರು ಮಾಡಿತು. ಅಂಟಪ್ಪ ಮನೆಯನ್ನು ಅಂಗೈಯಲ್ಲಿ ಹಿಡಿದು ನಿಂತೇ ಇದ್ದ. ಕೆಳಗೆ ಅದಕ್ಕೆ ಜಾಗವಿರಲಿಲ್ಲ. ಕೋಣೆಯಲ್ಲಿ ಅವಳಿದ್ದಳು.